ಕಾಸಿಗೆ ತಕ್ಕ ಕಜ್ಜಾಯ

ಕಾಸಿಗೆ ತಕ್ಕ ಕಜ್ಜಾಯವೆಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಕಜ್ಜಾಯವನ್ನು ತಿಂದವನು ಅದರ ರುಚಿಯನ್ನು ಹೇಳುವಾಗ ತಾನು ತೆತ್ತ ಕಾಸನ್ನು ನೆನಪಿನಲ್ಲಿಟ್ಟುಕೊಂಡು ಹೇಳಬೇಕೆ, ಅಥವಾ ಕಾಸಿನ ಮಾತನ್ನು ಮರೆತು ನಾಲಗೆಯ ಸಾಕ್ಷ್ಯವನ್ನು ಮಾತ್ರ ಹೇಳಬೇಕೆ ಎಂಬ ಪ್ರಶ್ನೆಗೆ ಗಾದೆಯಲ್ಲಿ ಉತ್ತರವಿಲ್ಲ. ಪಂಡಿತರು ಕಾವ್ಯವಿಮರ್ಶೆಯಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಮಹಾಕಾವ್ಯಕ್ಕೂ ಅಗ್ಗದ ಪ್ರತಿಯುಂಟು, ದುಬಾರಿ ಪ್ರತಿಯೂ ಉಂಟು, ಬೆಲೆಯಿಂದ ಕಾವ್ಯಕ್ಕೆ ಹಾನಿಯೂ ಇಲ್ಲ, ಲಾಭವೂ ಇಲ್ಲ. ಈ ಪ್ರಶ್ನೆಯನ್ನು ನಿಜವಾಗಿ ಎದುರಿಸಿದವರು ಬೇರೊಂದು ಕಡೆ ಇದ್ದರು. ಅವರು ಸಾವಿರದ ಒಂಬೈನೂರ ಎಂಬತ್ತರ ದಶಕದ ಇಂಗ್ಲೆಂಡಿನ ಶಾಲಾಬಾಲಕರು. ಅವರ ವಿಮರ್ಶೆಗೆ ವಸ್ತುವಾದದ್ದು ಎರಡು ಪೌಂಡಿಗೆ ಒಂದು ಪೆನ್ನಿ ಕಡಿಮೆ ಬೆಲೆಯ, ಮನೆಯ ಕಂಪ್ಯೂಟರಿನ ಮೇಲೆ ಆಡುವ, ಒಂದು ಮೋಟಾರು ಪಂದ್ಯದ ಆಟ.

1987ರ ಒಂದು ಶನಿವಾರದ ಬೆಳಗನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಇಂಗ್ಲೆಂಡಿನ ಯಾವುದೋ ಒಂದು ಸಾಮಾನ್ಯ ಪಟ್ಟಣ. ಬೀದಿಯ ಮೂಲೆಯಲ್ಲಿ ದಿನಪತ್ರಿಕೆ, ಮಿಠಾಯಿ, ಸಿಗರೇಟುಗಳನ್ನು ಮಾರುವ ಅಂಗಡಿ. ಅದರ ಬಾಗಿಲ ಬಳಿಯ ತಂತಿಯ ಚೌಕಟ್ಟಿನಲ್ಲಿ ಬಣ್ಣಬಣ್ಣದ ಹೊದಿಕೆಯ ಕ್ಯಾಸೆಟ್ಟುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಹತ್ತು ಹನ್ನೆರಡು ವರ್ಷದ ಒಬ್ಬ ಬಾಲಕ ಅವುಗಳ ಮುಂದೆ ಬಹಳ ಹೊತ್ತಿನಿಂದ ನಿಂತಿದ್ದಾನೆ. ಅಂಗೈಯಲ್ಲಿ ಬೆವರಿನಿಂದ ತೊಯ್ದ ಎರಡು ಪೌಂಡ್ ಇದೆ. ವಾರವಾರವೂ ತಂದೆ ಕೊಟ್ಟ ಕೈಖರ್ಚಿನ ಹಣದಲ್ಲಿ ಮಿಠಾಯಿಯ ಆಸೆಯನ್ನು ಹತ್ತಿಕ್ಕಿ ಉಳಿಸಿದ ಮೊತ್ತ ಅದು. ಹೊದಿಕೆಯ ಮೇಲಿನ ಚಿತ್ರದಲ್ಲಿ ಪಂದ್ಯದ ಕಾರುಗಳು ಧೂಳೆಬ್ಬಿಸಿಕೊಂಡು ಧಾವಿಸುತ್ತಿವೆ. ಒಳಗಿನ ಆಟವೂ ಹೀಗೆಯೇ ಇರುವುದೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿ ಅಲ್ಲಿಲ್ಲ. ಅವನು ಹಣ ಕೊಡುತ್ತಾನೆ. ಕ್ಯಾಸೆಟ್ಟಿನೊಡನೆ ಒಂದು ಪೆನ್ನಿ ಮರಳಿ ಬರುತ್ತದೆ.

ಈ ಕ್ಯಾಸೆಟ್ಟನ್ನು ಆಡಿಸುವ ಯಂತ್ರದ ಪರಿಚಯ ಅಗತ್ಯ. ಕೇಂಬ್ರಿಜಿನ ಸಿಂಕ್ಲೇರ್ ರಿಸರ್ಚ್ ಸಂಸ್ಥೆ 1982ರ ಏಪ್ರಿಲಿನಲ್ಲಿ 'ಝಡ್ ಎಕ್ಸ್ ಸ್ಪೆಕ್ಟ್ರಮ್' ಎಂಬ ಪುಟ್ಟ ಕಂಪ್ಯೂಟರನ್ನು ಹೊರತಂದಿತು. ಹದಿನಾರು ಕಿಲೋಬೈಟಿನ ಸ್ಮರಣೆಯುಳ್ಳದ್ದಕ್ಕೆ 125 ಪೌಂಡ್, ನಲವತ್ತೆಂಟು ಕಿಲೋಬೈಟಿನದಕ್ಕೆ 175 ಪೌಂಡ್. ಸಾಮಾನ್ಯ ಸಂಸಾರವೊಂದು ಮನಸ್ಸು ಮಾಡಿದರೆ ಕೊಳ್ಳಬಹುದಾಗಿದ್ದ ಬೆಲೆ ಅದು. ಒಂದು ಪುಸ್ತಕದಷ್ಟು ಗಾತ್ರದ ಕಪ್ಪು ಪೆಟ್ಟಿಗೆ, ಅದರ ಮೇಲೆ ರಬ್ಬರಿನ ನಲವತ್ತು ಗುಂಡಿಗಳು; ಪರದೆಗೆ ಮನೆಯ ಟೆಲಿವಿಷನ್ನೇ ಆಗಬೇಕು, ಉಗ್ರಾಣಕ್ಕೆ ಮನೆಯ ಟೇಪ್ ರೆಕಾರ್ಡರೇ ಆಗಬೇಕು. ಮಕ್ಕಳ ಓದಿಗೆ ನೆರವಾಗಲೆಂದು ತಂದೆತಾಯಿಗಳು ಅದನ್ನು ತಂದರು. ಮಕ್ಕಳು ಅದನ್ನು ಆಟಕ್ಕೆ ಬಳಸಿದರು. ಯಾವ ದೇಶದಲ್ಲಿಯೂ ತಂದೆತಾಯಿಗಳ ಉದ್ದೇಶಕ್ಕೂ ಮಕ್ಕಳ ಉಪಯೋಗಕ್ಕೂ ಇರುವ ಅಂತರ ಇಷ್ಟೇ ತಾನೆ?

ಆಟವನ್ನು ಯಂತ್ರಕ್ಕೆ ತುಂಬುವುದು ಒಂದು ವ್ರತಾಚರಣೆಯಂತೆ ನಡೆಯುತ್ತಿತ್ತು. ಕ್ಯಾಸೆಟ್ಟನ್ನು ಹಾಕಿ, ತಕ್ಕ ಆಜ್ಞೆಯನ್ನು ಒತ್ತಿ, ರೆಕಾರ್ಡರನ್ನು ತಿರುಗಿಸಿದರೆ ಕರ್ಕಶವಾದ ಕಿರುಚು ಧ್ವನಿ ಏಳುತ್ತದೆ. ಪರದೆಯ ಅಂಚಿನಲ್ಲಿ ಮೊದಲು ಕೆಂಪು ಮತ್ತು ತಿಳಿನೀಲಿಯ ಪಟ್ಟೆಗಳು, ಅನಂತರ ನೀಲಿ ಮತ್ತು ಹಳದಿಯ ಪಟ್ಟೆಗಳು ಓಡುತ್ತವೆ. ನಾಲ್ಕೈದು ನಿಮಿಷ ಉಸಿರು ಬಿಗಿಹಿಡಿದು ಕಾಯಬೇಕು. ಎಷ್ಟೋ ಸಾರಿ ಕೊನೆಯ ಕ್ಷಣದಲ್ಲಿ ಟೇಪು ಸರಿಯಾಗಿ ಓದಿಬರಲಿಲ್ಲವೆಂಬ ಒಂದು ಸಾಲು ಪರದೆಯ ಕೆಳಗೆ ಮೂಡಿ, ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. ಇಷ್ಟು ತಪಸ್ಸಿನ ಬಳಿಕ ದೊರೆತ ಆಟವನ್ನು ಹೀನವೆಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಆಟಗಾರರ ಅಭಿಪ್ರಾಯಗಳನ್ನು ತೂಗಿ ನೋಡುವಾಗ ಈ ಕಾಯುವಿಕೆಯ ಭಾರವನ್ನೂ ತಕ್ಕಡಿಯಲ್ಲಿಡಬೇಕು.

ಆ ಕಾಲದಲ್ಲಿ ಹೆಸರಾಂತ ಸಂಸ್ಥೆಗಳ ಆಟಗಳಿಗೆ ಎಂಟು ಒಂಬತ್ತು ಪೌಂಡ್ ಬೆಲೆಯಿತ್ತು. 1983ರಲ್ಲಿ ಆರಂಭವಾದ ಮಾಸ್ಟರ್‌ಟ್ರಾನಿಕ್ ಎಂಬ ಸಂಸ್ಥೆ 1.99 ಪೌಂಡಿಗೆ ಒಂದು ಆಟವೆಂದು ಸಾರಿ, ಕಂಪ್ಯೂಟರ್ ಅಂಗಡಿಗಳಷ್ಟೇ ಅಲ್ಲದೆ ಪತ್ರಿಕೆಯಂಗಡಿ, ಪೆಟ್ರೋಲ್ ಬಂಕುಗಳಲ್ಲಿಯೂ ಕ್ಯಾಸೆಟ್ಟುಗಳನ್ನು ತೂಗುಹಾಕಿತು. ಆ ಸಂಸ್ಥೆಗೆ ಆಟಗಳನ್ನು ಬರೆದುಕೊಡುತ್ತಿದ್ದ ರಿಚರ್ಡ್ ಡಾರ್ಲಿಂಗ್ ಮತ್ತು ಡೇವಿಡ್ ಡಾರ್ಲಿಂಗ್ ಎಂಬ ತರುಣ ಸೋದರರು 1986ರಲ್ಲಿ ತಮ್ಮ ತಂದೆಯೊಡಗೂಡಿ ಕೋಡ್‌ಮಾಸ್ಟರ್ಸ್ ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಅವರಿಗೆ ದೊರೆತ ಅತ್ಯುತ್ತಮ ಕೈಗಳು ಆಂಡ್ರ್ಯೂ ಆಲಿವರ್ ಮತ್ತು ಫಿಲಿಪ್ ಆಲಿವರ್ ಎಂಬ ಅವಳಿ ಸೋದರರವು. ಶಾಲೆಯಲ್ಲಿ ಓದುತ್ತಿದ್ದಾಗಲೇ ಈ ಅವಳಿಗಳು ಮನೆಯಲ್ಲಿ ಕುಳಿತು ಆಟಗಳನ್ನು ರಚಿಸತೊಡಗಿದ್ದರು. ಅವರ ಕೈಯಿಂದ ಹೊರಬಂದು 1987ರಲ್ಲಿ ಸ್ಪೆಕ್ಟ್ರಮಿನ ಬಾಲಕರ ಕೈಸೇರಿದ ಆಟವೇ 'ಗ್ರ್ಯಾಂಡ್ ಪ್ರೀ ಸಿಮ್ಯುಲೇಟರ್'. ತಮ್ಮ ಇನ್ನೊಂದು ಯಂತ್ರವಾದ ಆಮ್‌ಸ್ಟ್ರಾಡ್‌ಗಾಗಿ ಬರೆದುದನ್ನೇ ಅವರು ಸ್ಪೆಕ್ಟ್ರಮಿಗೂ ಅಳವಡಿಸಿದರು. ಎರಡು ಯಂತ್ರಗಳ ಹೃದಯವೂ ಝಡ್-80 ಎಂಬ ಒಂದೇ ಜಾತಿಯದಾಗಿದ್ದುದು ಈ ಕೆಲಸಕ್ಕೆ ಅನುಕೂಲವಾಯಿತು.

ಆಟದ ಸ್ವರೂಪ ಬಹು ಸರಳ. ಪರದೆಯ ತುಂಬ ಒಂದು ಪಂದ್ಯದ ರಸ್ತೆ, ಹದ್ದು ಆಕಾಶದಿಂದ ನೋಡಿದಂತೆ, ಮೇಲಿನಿಂದ ಕಾಣುತ್ತದೆ. ಬೆರಳಿನ ಉಗುರಿನಷ್ಟಿರುವ ಕಾರುಗಳು ಅದರಲ್ಲಿ ಸುತ್ತುಹಾಕುತ್ತವೆ. ಎಡಕ್ಕೆ ತಿರುಗಲು ಒಂದು ಗುಂಡಿ, ಬಲಕ್ಕೆ ತಿರುಗಲು ಒಂದು, ವೇಗಕ್ಕೆ ಇನ್ನೊಂದು. ಒಬ್ಬನೇ ಇದ್ದರೆ ಯಂತ್ರ ನಡೆಸುವ ಕಾರಿನೊಡನೆ ಪಂದ್ಯ, ಇಬ್ಬರಿದ್ದರೆ ಒಬ್ಬರೊಡನೊಬ್ಬರು ಸ್ಪರ್ಧಿಸಬಹುದು. ಗೆದ್ದರೆ ಮುಂದಿನ ರಸ್ತೆ, ಸೋತರೆ ಮತ್ತೆ ಮೊದಲಿನಿಂದ. ಇದಿಷ್ಟೇ ಆಟ. ಕಥೆಯಿಲ್ಲ, ಪಾತ್ರಗಳಿಲ್ಲ, ದೃಶ್ಯವೈಭವವಿಲ್ಲ. ಆದರೂ ಇಷ್ಟರ ಮೇಲೆಯೇ ಆಟಗಾರರಲ್ಲಿ ಎರಡು ಪಂಗಡಗಳಾದುವು.

ಮೊದಲನೆಯ ಭಿನ್ನಾಭಿಪ್ರಾಯ ಎಡಬಲಗಳ ವಿಷಯದ್ದು. ಕಾರು ಪರದೆಯ ಮೇಲ್ಭಾಗದ ಕಡೆಗೆ ಹೋಗುತ್ತಿರುವಾಗ ಆಟಗಾರನ ಎಡವೂ ಕಾರಿನ ಎಡವೂ ಒಂದೇ. ರಸ್ತೆ ತಿರುಗಿ ಕಾರು ಕೆಳಮುಖವಾದೊಡನೆ ಎಲ್ಲವೂ ತಲೆಕೆಳಗಾಗುತ್ತದೆ. ಕಾರಿನ ಎಡವೆಂದರೆ ಈಗ ಆಟಗಾರನ ಬಲ! ಎದುರಿಗೆ ನಿಂತವನಿಗೆ ಕೈಸನ್ನೆಯಿಂದ ದಾರಿ ತೋರಿಸುವಾಗ ಆಗುವ ಗೊಂದಲವೇ ಇಲ್ಲಿಯೂ. ಮೊದಲ ದಿನ ಆಡಿದವರೆಲ್ಲರೂ ಎರಡನೆಯ ತಿರುವಿನಲ್ಲಿ ಗೋಡೆಗೆ ಅಪ್ಪಳಿಸಿದವರೇ. ಕೆಲವರು ಇದನ್ನು ರಚನೆಯ ದೋಷವೆಂದು ಬಗೆದು ಕ್ಯಾಸೆಟ್ಟನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದರು. ಇನ್ನು ಕೆಲವರು ಹಟ ಹಿಡಿದು ಆಡಿದರು. ಕೆಲವು ದಿನಗಳ ಮೇಲೆ ಅವರ ಮನಸ್ಸು ಟೆಲಿವಿಷನ್ನಿನ ಮುಂದಣ ಜಮಖಾನೆಯನ್ನು ಬಿಟ್ಟು ಉಗುರಿನಷ್ಟು ಗಾತ್ರದ ಕಾರಿನೊಳಗೆ ಹೋಗಿ ಕುಳಿತಿತು. ಆಮೇಲೆ ಎಡವು ಎಡವೇ, ಬಲವು ಬಲವೇ. ದೋಷವೆಂದು ಒಬ್ಬನು ಕರೆದುದನ್ನೇ ಇನ್ನೊಬ್ಬನು ಆಟದ ಪ್ರಾಣವೆಂದು ಕರೆದನು. ಇಬ್ಬರೂ ಸುಳ್ಳು ಹೇಳಲಿಲ್ಲ. ಒಬ್ಬನು ಮೊದಲ ದಿನದ ಅನುಭವವನ್ನು ಹೇಳಿದ, ಇನ್ನೊಬ್ಬನು ಹತ್ತನೆಯ ದಿನದ ಅನುಭವವನ್ನು ಹೇಳಿದ.

ಎರಡನೆಯ ಆಕ್ಷೇಪ ನೋಟದ್ದು. ಮೇಲಿನಿಂದ ಕಾಣುವ ಸಪಾಟು ರಸ್ತೆಯೇಕೆ? ಚಾಲಕನ ಕಣ್ಣಿಗೆ ಕಾಣುವಂತೆ, ದೂರದಲ್ಲಿ ಕಿರಿದಾಗುತ್ತ ಹೋಗುವ ರಸ್ತೆಯನ್ನೇಕೆ ತೋರಿಸಲಿಲ್ಲ? ಇದಕ್ಕೆ ಉತ್ತರ ಗಣಿತದಲ್ಲಿದೆ. ಸ್ಪೆಕ್ಟ್ರಮಿನ ಪರದೆ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳದು; ಅಷ್ಟನ್ನು ಹಿಡಿದಿಡಲು 6144 ಬೈಟುಗಳು ಬೇಕು. ಟೆಲಿವಿಷನ್ ಚಿತ್ರ ಸೆಕೆಂಡಿಗೆ ಐವತ್ತು ಸಲ ಮೂಡುತ್ತದೆ. ಎರಡು ಚಿತ್ರಗಳ ನಡುವೆ ಸ್ಪೆಕ್ಟ್ರಮಿನ ಯಂತ್ರಹೃದಯ ಮಿಡಿಯುವುದು ಸುಮಾರು ಎಪ್ಪತ್ತು ಸಾವಿರ ಬಾರಿ. ಒಂದು ಬೈಟನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಸಾಮಾನ್ಯ ಆಜ್ಞೆಗೆ ಇಪ್ಪತ್ತೊಂದು ಮಿಡಿತಗಳು ಬೇಕು. ಇಡೀ ಪರದೆಯನ್ನು ಹೀಗೆ ಒಂದು ಸಾರಿ ಬರಿದೆ ನಕಲು ಮಾಡುವುದಕ್ಕೇ ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರ ಮಿಡಿತಗಳಾದುವು. ಎಂದರೆ ಹೆಚ್ಚುಕಡಿಮೆ ಎರಡು ಚಿತ್ರಗಳ ಕಾಲ. ರಸ್ತೆಯ ವಕ್ರಗಳನ್ನು ಎಣಿಸುವುದು, ಎದುರು ಕಾರುಗಳನ್ನು ಬಿಡಿಸುವುದು ಇನ್ನೂ ಬಾಕಿ! ರಸ್ತೆಯನ್ನು ನಿಶ್ಚಲವಾಗಿರಿಸಿ ಎರಡು ಮೂರು ಪುಟ್ಟ ಕಾರುಗಳನ್ನು ಮಾತ್ರ ಚಲಿಸಿದರೆ ಈ ಹೊರೆಯಲ್ಲಿ ಬಹುಪಾಲು ಇಳಿಯುತ್ತದೆ. ಆದುದರಿಂದ ಮೇಲಿನ ನೋಟ ಬಡತನದ ಗುರುತಾಗಿದ್ದಂತೆಯೇ ವಿವೇಕದ ಗುರುತೂ ಆಗಿತ್ತು.

ಬಣ್ಣದ ವಿಷಯದಲ್ಲಿಯೂ ಇದೇ ಬಗೆಯ ಕಟ್ಟು ಇತ್ತು. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳನ್ನಿಡಲು ಆ ಯಂತ್ರಕ್ಕೆ ಸಾಧ್ಯ. ಕೆಂಪು ಕಾರು ಹಸುರು ಹುಲ್ಲಿನ ಅಂಚನ್ನು ಮುಟ್ಟಿದರೆ ಹುಲ್ಲಿಗೂ ಕೆಂಪು ತಗುಲುತ್ತಿತ್ತು, ಬಣ್ಣ ಬಿಡುವ ಸೀರೆಯನ್ನು ಬಿಳಿಯ ಪಂಚೆಯೊಡನೆ ನೆನೆಸಿದಂತೆ.

ಅದೇ 1987ರಲ್ಲಿ ಯು.ಎಸ್. ಗೋಲ್ಡ್ ಸಂಸ್ಥೆ 'ಔಟ್ ರನ್' ಆಟದ ಮನೆಯ ಆವೃತ್ತಿಯನ್ನು ಪೂರ್ಣ ಬೆಲೆಗೆ ಮಾರಿತು. ನಾಣ್ಯ ಹಾಕಿ ಆಡುವ ಅಂಗಡಿಗಳಲ್ಲಿ ಸೆಗಾ ಸಂಸ್ಥೆಯ ಆ ಆಟವನ್ನು ಕಂಡು ಮರುಳಾಗದ ಬಾಲಕನಿರಲಿಲ್ಲ. ಕೆಂಪು ಕಾರು, ಕಡಲ ತೀರ, ತಾಳೆಮರಗಳು, ಮೈಮರೆಸುವ ಸಂಗೀತ. ಪುಟ್ಟ ಸ್ಪೆಕ್ಟ್ರಮಿನಲ್ಲಿ ಅದು ಏದುಸಿರುಬಿಟ್ಟಿತು. ಓಟ ನಿಧಾನವಾಯಿತು, ಒಂದೊಂದು ಘಟ್ಟಕ್ಕೂ ಟೇಪಿನಿಂದ ಮತ್ತೆ ತುಂಬಬೇಕಾಯಿತು, ಮೂಲದ ಸಂಗೀತವನ್ನು ಬೇರೆ ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿ ಜೊತೆಗೆ ಕೊಡಬೇಕಾಯಿತು. ನಾಲ್ಕು ಪಟ್ಟು ಬೆಲೆ ತೆತ್ತವರು ನಿಟ್ಟುಸಿರಿಟ್ಟಾಗ ಅಗ್ಗದ ಆಟವನ್ನು ಕೊಂಡವರು ಮೀಸೆಯಿಲ್ಲದಿದ್ದರೂ ಮೀಸೆ ತಿರುವಿದರು. ಬಡವರ ಮನೆಯ ಊಟ ಚೆನ್ನ, ದೊಡ್ಡವರ ಮನೆಯ ನೋಟ ಚೆನ್ನವೆಂಬ ಮಾತು ಇಂಗ್ಲೆಂಡಿನ ಮಕ್ಕಳಿಗೆ ತಿಳಿದಿರಲಾರದು. ಅದರ ಅರ್ಥ ಮಾತ್ರ ಅವರ ಅನುಭವಕ್ಕೆ ಬಂದಿತ್ತು.

ಮೂರನೆಯ ಆಕ್ಷೇಪ ಹೆಸರಿನದು. ಇದು ಅತ್ಯಂತ ಸ್ವಾರಸ್ಯವಾದದ್ದು. 'ಸಿಮ್ಯುಲೇಟರ್' ಎಂದರೆ ನಿಜದ ವಸ್ತುವನ್ನು ಯಥಾವತ್ತಾಗಿ ಅನುಕರಿಸುವ ಯಂತ್ರ. ವಿಮಾನಚಾಲಕರ ಶಿಕ್ಷಣಕ್ಕೆ ಬಳಸುವ ಗಂಭೀರವಾದ ಮಾತು ಅದು. ಕೋಡ್‌ಮಾಸ್ಟರ್ಸ್ ಸಂಸ್ಥೆ ಆ ಮಾತನ್ನು ತನ್ನ ಆಟಗಳ ಹಣೆಯ ಮೇಲೆ ಧಾರಾಳವಾಗಿ ಅಂಟಿಸಿತು: ಸೈಕಲ್ ಪಂದ್ಯಕ್ಕೂ ಸಿಮ್ಯುಲೇಟರ್, ಹಿಮದ ಮೇಲೆ ಜಾರುವುದಕ್ಕೂ ಸಿಮ್ಯುಲೇಟರ್, ಕಡೆಗೆ ಹೋಟೆಲುಗಳಲ್ಲಿ ಕಾಸು ನುಂಗುವ ಜೂಜಿನ ಪೆಟ್ಟಿಗೆಗೂ ಸಿಮ್ಯುಲೇಟರ್! ಹೊದಿಕೆಯ ಹಿಂಬದಿಯಲ್ಲಿ ಆಟವನ್ನು ಹಾಡಿಹೊಗಳಿದ ಮಾತುಗಳಿರುತ್ತಿದ್ದುವು; ಹೊಗಳಿದವರ ಹೆಸರನ್ನು ನೋಡಿದರೆ ಸಂಸ್ಥೆಯ ಒಡೆಯರದೇ. ತನ್ನ ಮೊಸರನ್ನು ಹುಳಿಯೆನ್ನುವ ಗೊಲ್ಲತಿ ಎಲ್ಲಿಯೂ ಇಲ್ಲವಷ್ಟೆ. ಉಗುರಿನಷ್ಟು ಕಾರು ಮೇಲಿನಿಂದ ಕಾಣುವ ಆಟವನ್ನು ನಿಜವಾದ ಪಂದ್ಯದ ಅನುಕರಣವೆಂದು ಕರೆದುದನ್ನು ಕಂಡು ಪತ್ರಿಕೆಗಳು ನಕ್ಕುವು, ಬಾಲಕರೂ ನಕ್ಕರು.

ಆದರೆ ಆ ನಗೆಯಲ್ಲಿ ಪೂರ್ತಿ ನ್ಯಾಯವಿತ್ತೆ? ಭರತನ ರಸಸೂತ್ರವನ್ನು ವ್ಯಾಖ್ಯಾನಿಸಿದ ಶ್ರೀಶಂಕುಕನ ಅಭಿಪ್ರಾಯ ಅಭಿನವಗುಪ್ತನ ಗ್ರಂಥದ ಮೂಲಕ ತಿಳಿದುಬಂದಿದೆ. ರಾಮನ ವೇಷದ ನಟನನ್ನು ಕಂಡಾಗ ಪ್ರೇಕ್ಷಕನಿಗೆ ಉಂಟಾಗುವ ಜ್ಞಾನ ಎಂತಹುದು? ಇವನು ರಾಮನೇ ಎಂಬ ಸತ್ಯಜ್ಞಾನವಲ್ಲ. ರಾಮನೆಂದು ಮೋಸಹೋದ ಮಿಥ್ಯಾಜ್ಞಾನವಲ್ಲ. ರಾಮನೋ ಅಲ್ಲವೋ ಎಂಬ ಸಂಶಯವೂ ಅಲ್ಲ. ರಾಮನಂತಿದ್ದಾನೆಂಬ ಸಾದೃಶ್ಯಜ್ಞಾನವೂ ಅಲ್ಲ. ಗೋಡೆಯ ಮೇಲಣ ಕುದುರೆಯ ಚಿತ್ರವನ್ನು ನೋಡಿ ಮಗು ಕುದುರೆಯೆಂದು ಕೂಗಿದರೆ ಅದರಲ್ಲಿ ಯಾರಿಗೂ ಮೋಸವಿಲ್ಲ. ಚಿತ್ರತುರಗ ನ್ಯಾಯವೆಂದು ಹೆಸರಾದುದು ಇದೇ. ಮೂರು ನಾಲ್ಕು ಚುಕ್ಕೆಗಳ ಚಕ್ರವುಳ್ಳ ಕಾರನ್ನು ಬಾಲಕನು ಕಾರೆಂದೇ ಕಂಡದ್ದು, ತಿರುವಿನಲ್ಲಿ ತಾನೂ ಒಂದು ಕಡೆಗೆ ವಾಲಿದ್ದು, ಗೋಡೆಗೆ ಬಡಿದಾಗ ತಾನೇ 'ಅಯ್ಯೋ' ಎಂದದ್ದು ಈ ನ್ಯಾಯದಿಂದಲೇ. ಹೊದಿಕೆಯ ಮೇಲಿನ ಹೆಸರು ಹುಸಿಯಾಗಿತ್ತು. ಆಟದ ಒಳಗಿನ ಅನುಭವ ಹುಸಿಯಾಗಿರಲಿಲ್ಲ. ಮಾರುವವನು ಅನುಕರಣವೆಂದ, ಆಡುವವನು ಅದನ್ನು ನಾಟಕವನ್ನಾಗಿ ಮಾಡಿಕೊಂಡ.

ಇದಕ್ಕೆ ಮತ್ತೊಂದು ನಿದರ್ಶನವನ್ನು ಕೊಡಬಹುದು. 1986ರಲ್ಲಿ ಡ್ಯುರೆಲ್ ಸಂಸ್ಥೆ ಪ್ರಕಟಿಸಿದ 'ಟರ್ಬೊ ಎಸ್ಪ್ರಿ' ಎಂಬ ಆಟದಲ್ಲಿ ಇಡೀ ನಗರಗಳಿದ್ದುವು: ಬೀದಿದೀಪ, ಸಂಚಾರದ ಕೆಂಪು ಹಸುರು ದೀಪ, ಏಕಮುಖ ರಸ್ತೆ, ದಾಟುವ ಪಾದಚಾರಿಗಳು, ಏಣಿ ಹತ್ತಿ ಕೆಲಸಮಾಡುವ ಆಳು. ಮಾದಕದ್ರವ್ಯದ ಕಳ್ಳಸಾಗಣೆಗಾರರ ಕಾರುಗಳನ್ನು ಹಿಡಿಯುವುದು ಆಟದ ಉದ್ದೇಶ. ಮೊದಲು ಪೂರ್ಣ ಬೆಲೆಗೆ ಬಂದ ಅದು ಮುಂದೆ ಅಗ್ಗದ ಆವೃತ್ತಿಯಲ್ಲಿಯೂ ಬಂದಿತು. ಅದನ್ನು ಆಡಿದ ಅನೇಕರು ಇಂದು ನೆನೆಯುವುದು ಕಳ್ಳರನ್ನಲ್ಲ. ಕಳ್ಳರನ್ನು ಅವರ ಪಾಡಿಗೆ ಬಿಟ್ಟು, ಕೆಂಪು ದೀಪ ಕಂಡಲ್ಲಿ ನಿಂತು, ಹಸುರು ಬಂದಾಗ ಹೊರಟು, ತಿರುಗುವ ಮುನ್ನ ಸೂಚನೆ ಕೊಟ್ಟು, ಸಭ್ಯ ನಾಗರಿಕರಂತೆ ಊರು ಸುತ್ತಿದುದನ್ನು. ಲೈಸೆನ್ಸು ದೊರೆಯಲು ಇನ್ನೂ ಏಳೆಂಟು ವರ್ಷಗಳಿದ್ದ ಬಾಲಕನಿಗೆ ಅತಿವೇಗದಷ್ಟೇ ಅಪೂರ್ವವಾದ ಸುಖ ದೊಡ್ಡವರಂತೆ ಕಾರು ನಡೆಸುವುದು. ಯಾವ ಮಗುವಿಗೂ ದೊಡ್ಡವರ ಚಪ್ಪಲಿಯನ್ನು ಮೆಟ್ಟಿ ನಡೆಯುವುದರಲ್ಲಿರುವ ಆನಂದ ಹೊಸ ಚಪ್ಪಲಿಯಲ್ಲಿಲ್ಲ.

ಇನ್ನು ಬೆಲೆಯ ಮಾತಿಗೆ ಬರಬೇಕು. ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತದ ಲಡ್ಲೋ ಎಂಬ ಸಣ್ಣ ಊರಿನಿಂದ 'ಕ್ರ್ಯಾಷ್' ಎಂಬ ಮಾಸಪತ್ರಿಕೆ 1984ರಲ್ಲಿ ಆರಂಭವಾಯಿತು. ಸ್ಪೆಕ್ಟ್ರಮಿನ ಆಟಗಳ ವಿಮರ್ಶೆಗೆ ಮೀಸಲಾದ ಆ ಪತ್ರಿಕೆ ಒಂದು ಹೊಸ ಪದ್ಧತಿಯನ್ನು ಹಾಕಿತು. ವಿಮರ್ಶಕರಲ್ಲಿ ಬಹುಮಂದಿ ಅದೇ ಊರಿನ ಶಾಲಾಬಾಲಕರು. ಒಂದು ಆಟವನ್ನು ಒಬ್ಬನೇ ತೀರ್ಮಾನಿಸಕೂಡದು. ಮೂವರು ಆಡಿ, ಮೂವರ ಅಭಿಪ್ರಾಯಗಳನ್ನೂ ಬೇರೆಬೇರೆಯಾಗಿ ಅಚ್ಚುಹಾಕಬೇಕು. ಮೂವರಿಗೂ ಮೂರು ಮನಸ್ಸಾದರೆ ಅದನ್ನು ಮುಚ್ಚಿಡುವಂತಿಲ್ಲ. ಕೊನೆಯಲ್ಲಿ ಚಿತ್ರಗಳಿಗೆ ಇಷ್ಟು, ಆಡುವ ಸೊಗಸಿಗೆ ಇಷ್ಟು, ಮತ್ತೆ ಮತ್ತೆ ಸೆಳೆಯುವ ಗುಣಕ್ಕೆ ಇಷ್ಟೆಂದು ನೂರಕ್ಕೆ ಅಂಕಗಳು. ಅವುಗಳ ನಡುವೆ 'ಕೊಟ್ಟ ಹಣಕ್ಕೆ ತಕ್ಕುದೆ' ಎಂಬುದಕ್ಕೆ ಪ್ರತ್ಯೇಕವಾದ ಒಂದು ಅಂಕಣ.

ಈ ಒಂದು ಅಂಕಣದಲ್ಲಿ ಅಡಗಿದ್ದ ವಿವೇಕವನ್ನು ದೊಡ್ಡವರ ವಿಮರ್ಶೆಯೂ ಕಲಿಯಬಹುದು. ಬೆಲೆಯ ಲೆಕ್ಕವನ್ನು ಬೇರೆ ಮನೆಯಲ್ಲಿ ಕೂರಿಸಿದ್ದರಿಂದ ಮಿಕ್ಕ ಮನೆಗಳು ಅದರ ಗದ್ದಲದಿಂದ ಪಾರಾದುವು. ಚಿತ್ರ ಸಾಧಾರಣವಾಗಿದ್ದರೆ ಸಾಧಾರಣವೆಂದೇ ಬರೆಯಬಹುದು. ಎರಡು ಪೌಂಡಿಗೆ ಇದು ಮೋಸವಲ್ಲವೆಂಬ ಮಾತನ್ನು ಅದರ ಸ್ಥಾನದಲ್ಲಿ ಹೇಳಬಹುದು. ಆದರೆ ಎಲ್ಲರೂ ಈ ಶಿಸ್ತನ್ನು ಪಾಲಿಸಲಿಲ್ಲ. ಅಗ್ಗದ ಆಟವೆಂದಮೇಲೆ ಇಷ್ಟಿದ್ದರೆ ಸಾಕೆಂಬ ರಿಯಾಯಿತಿಯ ಮಾತು ಆಟಗಾರರ ನಾಲಗೆಯ ಮೇಲೆ ಸುಲಭವಾಗಿ ಬರುತ್ತಿತ್ತು. ದಾನಕ್ಕೆ ಬಂದ ಹಸುವಿನ ಹಲ್ಲನ್ನು ಎಣಿಸಬಾರದಂತೆ. ಅರ್ಧ ಬೆಲೆಗೆ ಬಂದ ಹಸುವಿನ ಅರ್ಧ ಹಲ್ಲುಗಳನ್ನು ಮಾತ್ರ ಎಣಿಸಬೇಕೆಂಬುದು ಅವರ ವಾದ.

ಈ ವಾದ ಉದಾರವಾಗಿ ಕಾಣುತ್ತದೆ. ಸ್ವಲ್ಪ ಯೋಚಿಸಿದರೆ ಅದರಲ್ಲಿ ಒಂದು ಅನ್ಯಾಯವಿದೆ. ಎರಡು ಪೌಂಡಿನ ಆಟವನ್ನು ಕೊಳ್ಳುವವನು ಯಾರು? ಒಂಬತ್ತು ಪೌಂಡಿನ ಆಟವನ್ನು ಕೊಂಡು, ರುಚಿಸದಿದ್ದರೆ ಮರುವಾರ ಇನ್ನೊಂದನ್ನು ಕೊಳ್ಳಬಲ್ಲವನಲ್ಲ. ಅಂಗೈಯ ಬೆವರಿನಲ್ಲಿ ಎರಡು ಪೌಂಡನ್ನು ಹಿಡಿದು ತಂತಿಯ ಚೌಕಟ್ಟಿನ ಮುಂದೆ ನಿಂತ ಬಾಲಕನೇ ಅವನು. ಸಿರಿವಂತನ ಮಗನಿಗೆ ಒಂಬತ್ತು ಪೌಂಡ್ ಅಗ್ಗ. ಇವನಿಗೆ ಎರಡು ಪೌಂಡ್ ದುಬಾರಿ. ಕ್ಯಾಸೆಟ್ಟು ಚೆನ್ನಾಗಿಲ್ಲದಿದ್ದರೆ ಮತ್ತೆ ಅಷ್ಟು ಹಣ ಕೂಡುವವರೆಗೂ ಅವನಿಗೆ ಬೇರೆ ಆಟವಿಲ್ಲ. ಆದುದರಿಂದ ಅಗ್ಗದ ವಸ್ತುವನ್ನು ವಿಮರ್ಶಿಸುವವನು ರಿಯಾಯಿತಿ ತೋರಿದರೆ ಆ ರಿಯಾಯಿತಿ ಸಲ್ಲುವುದು ಮಾರುವವನಿಗೆ. ಅದರ ಬೆಲೆ ತೆರುವವನು ಕೊಳ್ಳುವ ಬಡವ. ಅಗ್ಗದ ಅಕ್ಕಿಯಲ್ಲಿ ಕಲ್ಲಿದ್ದರೂ ಚಿಂತೆಯಿಲ್ಲವೆನ್ನುವವನು ಅಗ್ಗದ ಅಕ್ಕಿಯ ಅನ್ನವನ್ನು ಉಣ್ಣುವವನಲ್ಲ.

ಮಕ್ಕಳು ಈ ತತ್ತ್ವವನ್ನು ಮಾತಿನಲ್ಲಿ ಹೇಳದಿದ್ದರೂ ನಡತೆಯಲ್ಲಿ ತೋರಿಸಿದರು. 'ಗ್ರ್ಯಾಂಡ್ ಪ್ರೀ ಸಿಮ್ಯುಲೇಟರ್' ಅವರ ನೆನಪಿನಲ್ಲಿ ಉಳಿದದ್ದು ಅಗ್ಗವಾಗಿತ್ತೆಂದಲ್ಲ. ಅಗ್ಗದ ಕ್ಯಾಸೆಟ್ಟುಗಳು ನೂರಾರಿದ್ದುವು, ಅವುಗಳಲ್ಲಿ ಬಹುಪಾಲು ಮರೆತುಹೋದುವು. ಇದು ಉಳಿದದ್ದು ಇಬ್ಬರು ಕೂಡಿ ಆಡಬಹುದಾಗಿದ್ದರಿಂದ. ನಲವತ್ತು ರಬ್ಬರ್ ಗುಂಡಿಗಳ ಪುಟ್ಟ ಹಲಗೆಯ ಮೇಲೆ ಅಣ್ಣನ ಕೈಯೂ ತಮ್ಮನ ಕೈಯೂ ಒತ್ತೊತ್ತಾಗಿ ಸೇರಬೇಕು, ಮೊಣಕೈ ತಾಗಬೇಕು, ಸೋಲುವವನು ತನ್ನ ಕೈ ತಳ್ಳಲ್ಪಟ್ಟಿತೆಂದು ದೂರಬೇಕು, ಅಡುಗೆಮನೆಯಿಂದ ತಾಯಿ ಗದರಬೇಕು. ಯಂತ್ರ ನಡೆಸುವ ಕಾರಿಗೆ ಕೋಪವಿಲ್ಲ, ಅಸೂಯೆಯಿಲ್ಲ, ನಾಳೆ ಸೇಡು ತೀರಿಸಿಕೊಳ್ಳುತ್ತೇನೆಂಬ ಪಂಥವಿಲ್ಲ. ನಲವತ್ತೆಂಟು ಕಿಲೋಬೈಟಿನಲ್ಲಿ ಹಿಡಿಸದ ಆ ಭಾವಗಳನ್ನು ಆಟವು ಜಮಖಾನೆಯ ಮೇಲೆ ಕುಳಿತ ಇಬ್ಬರಿಂದ ಪಡೆದುಕೊಂಡಿತು. ಬಡ ರಚನೆಯ ಜಾಣತನವೆಂದರೆ ಇದೇ.

ಕಾಲ ಉರುಳಿತು. 1986ರಲ್ಲಿಯೇ ಸಿಂಕ್ಲೇರನ ಕಂಪ್ಯೂಟರ್ ವ್ಯಾಪಾರವನ್ನು ಐವತ್ತು ಲಕ್ಷ ಪೌಂಡಿಗೆ ಕೊಂಡಿದ್ದ ಆಮ್‌ಸ್ಟ್ರಾಡ್ ಸಂಸ್ಥೆ 1992ರಲ್ಲಿ ಸ್ಪೆಕ್ಟ್ರಮಿನ ತಯಾರಿಕೆಯನ್ನು ನಿಲ್ಲಿಸಿತು. ಅದೇ ವರ್ಷ 'ಕ್ರ್ಯಾಷ್' ಪತ್ರಿಕೆಯೂ ನಿಂತಿತು. ಯಂತ್ರದ ಜನಕ ಸರ್ ಕ್ಲೈವ್ ಸಿಂಕ್ಲೇರ್ 2021ರಲ್ಲಿ ತೀರಿಕೊಂಡರು. ಆದರೆ ಆಟಗಳು ಸಾಯಲಿಲ್ಲ. ಹೊಸ ಕಂಪ್ಯೂಟರುಗಳು ಹಳೆಯ ಯಂತ್ರದ ವೇಷ ಹಾಕಿ ಅವುಗಳನ್ನು ಆಡಿಸತೊಡಗಿದುವು. ಇದಕ್ಕೆ ಬೇಕಾದ ಮೂಲಸೂತ್ರಗಳನ್ನು ಹಂಚಿಕೊಳ್ಳಲು 1999ರಲ್ಲಿ ಆಮ್‌ಸ್ಟ್ರಾಡ್ ಅನುಮತಿಯಿತ್ತಿತು. 2024ರ ನವೆಂಬರಿನಲ್ಲಿ ಹಳೆಯ ಪೆಟ್ಟಿಗೆಯ ರೂಪವನ್ನೇ ಹೋಲುವ, ರಬ್ಬರ್ ಗುಂಡಿಗಳೇ ಇರುವ ಹೊಸ ಯಂತ್ರವೊಂದು ಮಾರಾಟಕ್ಕೆ ಬಂದಿತು. ಕೊಂಡವರಲ್ಲಿ ಬಹುಮಂದಿ ತಲೆ ನರೆತ ಬಾಲಕರೇ ಇರಬೇಕು.

ಐವತ್ತರ ಗಡಿಯಲ್ಲಿರುವ ಈ ಬಾಲಕರು ಇಂದು ನೀಡುವ ಅಭಿಪ್ರಾಯ ಏನು? ಇಲ್ಲಿ ಮತ್ತೆ ಎರಡು ಪಂಗಡ. ಮೊದಲನೆಯವರಿಗೆ ಹಳೆಯದೆಲ್ಲವೂ ಹೊನ್ನು. ಅಂದಿನ ಆಟಗಳಲ್ಲಿದ್ದ ಸತ್ತ್ವ ಇಂದಿನವುಗಳಲ್ಲಿಲ್ಲವೆಂದು ಅವರು ಸಾರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು. ಬಾಲ್ಯಕ್ಕೆ ಬಾಲ್ಯದ ಆಟ ಮುದ್ದು. ಎರಡನೆಯವರು ಕುತೂಹಲದಿಂದ ಆಡಿ, ಹತ್ತು ನಿಮಿಷಗಳಲ್ಲಿ ಬೇಸತ್ತು, ಇಂತಹ ಗೋಡೆಗೆ ಬಡಿಯುವ ಕಾರಿಗಾಗಿ ಅಂದು ಊಟ ಬಿಟ್ಟೆವೆ ಎಂದು ನಗುತ್ತಾರೆ. ಮೊದಲಿನವರು ಆಟವನ್ನು ವಿಮರ್ಶಿಸುತ್ತಿಲ್ಲ, ಕಳೆದುಹೋದ ಶನಿವಾರವನ್ನು ಹೊಗಳುತ್ತಿದ್ದಾರೆ. ಎರಡನೆಯವರೂ ಆಟವನ್ನು ವಿಮರ್ಶಿಸುತ್ತಿಲ್ಲ. ಒಬ್ಬರೇ ಕುಳಿತು ಆಡಿದ್ದಾರೆ, ಪಕ್ಕದಲ್ಲಿ ತಮ್ಮನಿಲ್ಲ.

ಭಾರತದಲ್ಲಿಯೂ 1986ರ ಹೊತ್ತಿಗೆ ಡೆಸಿಬೆಲ್ಸ್ ಎಂಬ ಸಂಸ್ಥೆ ಸ್ಪೆಕ್ಟ್ರಮನ್ನು ತನ್ನ ಹೆಸರಿನಲ್ಲಿ ಮಾರಿತ್ತು. 1984ರಲ್ಲಿ ಆರಂಭವಾದ ಸರ್ಕಾರದ ಯೋಜನೆಯ ಮೂಲಕ ಅನೇಕ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಇನ್ನೊಂದು ಇಂಗ್ಲಿಷ್ ಯಂತ್ರ ಬಂದಿತು. ಅದರ ಮುಂದೆ ಸರದಿ ಕಾದು ಕುಳಿತವರಿಗೆ ಈ ಕಥೆ ಪೂರ್ತಿ ಪರಕೀಯವಾಗಿ ಕೇಳಿಸಲಾರದು.

ಇಂದು ಆ ಹಳೆಯ ಆಟಗಳಿಗೆ ಎರಡು ಪೌಂಡನ್ನು ಎಣಿಸಿ ಕೊಡುವ ಪ್ರಸಂಗವಿಲ್ಲ. ಕಾಸಿನ ಮಾತು ತಾನಾಗಿಯೇ ಕಳಚಿಬಿದ್ದಿದೆ. ಕಜ್ಜಾಯವೊಂದೇ ಉಳಿದಿದೆ. ಅದರ ನಿಜವಾದ ರುಚಿಯನ್ನು ತಿಳಿಯಬೇಕೆನ್ನುವವರು ಮಾಡಬೇಕಾದುದು ಬಹಳವಿಲ್ಲ. ದೂರದ ಊರಿನಲ್ಲಿ ಸಂಸಾರ ಹೂಡಿರುವ ಅಣ್ಣನನ್ನೋ ತಮ್ಮನನ್ನೋ ಒಂದು ಭಾನುವಾರ ಮನೆಗೆ ಕರೆದು, ಹಲಗೆಯ ಆ ಕಡೆ ಅವನನ್ನು ಕೂರಿಸಿ, ಈ ಕಡೆ ತಾವು ಕೂತು, ಮೂರು ಸುತ್ತು ಓಡಿಸಿದರೆ ಸಾಕು. ಮೊದಲ ತಿರುವಿನಲ್ಲಿ ಮೊಣಕೈ ತಾಗಿದೊಡನೆ ಯಾರಾದರೊಬ್ಬರು ದೂರು ಹೇಳಿಯೇ ಹೇಳುತ್ತಾರೆ. ಆ ದೂರೇ ಆಟದ ವಿಮರ್ಶೆ.